ಓಝೋನ್ ಹರಿದ ಕಡೆ ತಂಪು

ಹಳೆಯ ಎಸಿಯ ಪೈಪು ಸಡಿಲಿಸಿದಾಗ ಬರುವ ವಾಸನೆ ಒಮ್ಮೆ ಮೂಗಿಗೆ ಹತ್ತಿದರೆ ಮರೆಯುವಂಥದ್ದಲ್ಲ. ಸುಟ್ಟ ಎಣ್ಣೆಯ ಕಮಟು, ಅದರೊಳಗೆ ಒಂದಿಷ್ಟು ಸಿಹಿ, ಗಂಟಲಿನ ಹಿಂಭಾಗಕ್ಕೆ ಹೋಗಿ ಅಂಟಿಕೊಳ್ಳುವ ಒಗರು. ಈ ವರ್ಷ ಮೇ ತಿಂಗಳಲ್ಲಿ ಮಾನ್ವಿಯ ಒಂದು ಮನೆಯ ಮಾಳಿಗೆಯ ಮೇಲೆ ಕೂತು ಎಸಿ ಪೈಪಿನ ನಟ್ಟಿಗೆ ಪಾನಾ ಹಾಕಿ ತಿರುಗಿಸುತ್ತಿದ್ದೆ. ವಾಲ್ವಿನಿಂದ ಒಂದು ಉಸಿರಿನಷ್ಟು ಗ್ಯಾಸು ಜಾರಿತು, ಆ ವಾಸನೆ ಬಂತು. ಕೂಡಲೇ ವಾಲ್ವು ಬಿಗಿ ಮಾಡಿದೆ. ಕೆಳಗೆ ಅಂಗಳದಲ್ಲಿ ಕುರ್ಚಿ ಹಾಕಿಕೊಂಡಿದ್ದ ಮನೆಯ ಯಜಮಾನರು ಅಲ್ಲಿಂದಲೇ ಹೇಳಿದರು:

"ಯಾಕ ಬಂದ್ ಮಾಡಿದಿ? ಹಳೇ ಗ್ಯಾಸ್ ಗಾಳಿಗೆ ಬಿಟ್ಟುಬಿಡು, ಹೊಸಾದು ತುಂಬು. ಜಲ್ದಿ ಆಗ್ತದ. ಒಳಗ ಕುಂದ್ರಾಕ ಆಗವಲ್ದು."

ಅವರು ನಿವೃತ್ತ ವಿಜ್ಞಾನ ಉಪನ್ಯಾಸಕರು. ನನ್ನ ಗುರುತು ಅವರಿಗೆ ಹತ್ತಿರಲಿಲ್ಲ. ಎಸಿ ರಿಪೇರಿಯವನ ಮುಖ ಯಾರು ನೋಡುತ್ತಾರೆ. ನನಗೆ ಅವರ ಗುರುತು ಗೇಟಿನಲ್ಲೇ ಹತ್ತಿತ್ತು. ಆರು ವರ್ಷದ ಹಿಂದೆ ಇದೇ ಮಾನ್ವಿಯಲ್ಲಿ, ನನ್ನ ಅಕ್ಕನ ಮಗಳು ಓಝೋನ್ ಬಗ್ಗೆ ಬರೆದಿದ್ದ ಒಂದು ಸರಿಯಾದ ಸಾಲನ್ನು ಇವರು ತಪ್ಪು ಎಂದು ತೀರ್ಪು ಕೊಟ್ಟಿದ್ದರು. ಆ ತೀರ್ಪಿಗೆ ನಾನು ಕೈ ಜೋಡಿಸಿದ್ದೆ. ಮಾಳಿಗೆಯ ಬಿಸಿಲು ನೆತ್ತಿಗೇರಿದ್ದು ಹೌದು, ಆದರೆ ಅವತ್ತು ನನ್ನ ಮೈ ಕಾದದ್ದು ಬಿಸಿಲಿಗಲ್ಲ.

ನಾನು ಹಿರೇಕೊಟ್ನೆಕಲ್ಲಿನವನು. ಹತ್ತನೆಯ ತರಗತಿ ದಾಟದೆ ರಾಯಚೂರಿಗೆ ಬಂದು, ಕೂಲರ್‌ಗಳಿಗೆ ಹುಲ್ಲಿನ ಪ್ಯಾಡು ಬಡಿಯುವುದರಿಂದ ಶುರು ಮಾಡಿ, ಫ್ರಿಜ್ಜು ಎಸಿ ರಿಪೇರಿ ಕಲಿತು, ಸ್ಟೇಷನ್ ರಸ್ತೆಯಲ್ಲಿ ಸ್ವಂತ ಅಂಗಡಿ ಹಾಕಿದವನು. ಯಾರೂ ಕೈ ಹಿಡಿದು ಮೇಲೆತ್ತಲಿಲ್ಲ. ಎತ್ತಿದ್ದು ಚೌಕಾಸಿ. ಹಳೇ ಫ್ರಿಜ್ಜು ಕೊಳ್ಳುವಾಗ ಎದುರಿನವನು ಮೊದಲು ದರ ಹೇಳಲಿ, ನೀವು ಸುಮ್ಮನಿರಿ; ಅವನು ಹೇಳಿದ ಮೇಲೂ ಒಂದು ಚಹಾ ಕುಡಿಯುವಷ್ಟು ಹೊತ್ತು ಸುಮ್ಮನಿರಿ. ಅರ್ಧ ಕೆಲಸವನ್ನು ಆ ಮೌನವೇ ಮಾಡುತ್ತದೆ. ಇದನ್ನು ಪುಕ್ಕಟೆ ಹೇಳುತ್ತಿದ್ದೇನೆ, ಇಟ್ಟುಕೊಳ್ಳಿ. ಜಗತ್ತಿನ ಯಾವ ಮಾತಿಗೂ ಒಂದು ನಡುವಿನ ದರ ಇದ್ದೇ ಇರುತ್ತದೆ, ಅದನ್ನು ಹುಡುಕುವವನೇ ಶಾಣ್ಯಾ ಎಂದು ನಂಬಿ ಬದುಕಿದೆ. ಆ ನಂಬಿಕೆ ನನ್ನ ಮುಖಕ್ಕೆ ಬಡಿದದ್ದು ಆರು ವರ್ಷದ ಹಿಂದಿನ ಆ ವರ್ಷ.

ಅಕ್ಕನನ್ನು ಗಬ್ಬೂರಿಗೆ ಕೊಟ್ಟಿದೆ. ಭಾವ ಅಮರಪ್ಪ ಅಲ್ಲಿ ಮೆಣಸಿನಕಾಯಿ ಸಸಿಯ ನರ್ಸರಿ ಇಟ್ಟಿದ್ದಾನೆ. ಕಬ್ಬಿಣದ ಪೈಪಿನ ಚಪ್ಪರ, ಮೇಲೆ ನೆರಳಿಗೆ ಕರಿ ಬಲೆಯ ನೆಟ್ಟು, ಕೆಳಗೆ ಟ್ರೇಗಳಲ್ಲಿ ಸಾಲು ಸಾಲು ಸಸಿ. ಅವರ ಮಗಳು ಬಸಲಿಂಗಮ್ಮ, ಎಲ್ಲರ ಬಾಯಲ್ಲಿ ಲಿಂಗಿ. ಒಂಬತ್ತನೆಯ ತರಗತಿ ಮುಗಿಸಿ ಆ ಬೇಸಿಗೆ ರಜೆಗೆ ನಮ್ಮ ಮನೆಗೆ ಬಂದವಳು ದಿನವೆಲ್ಲ ನನ್ನ ಅಂಗಡಿಯಲ್ಲಿಯೇ. ರಾಯಚೂರಿನ ಮೇ ತಿಂಗಳು ಎಂಥದ್ದೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಅಂಗಡಿಯ ಮುಂದೆ ಎಸಿಗಳು ಸಾಲಾಗಿ ಬಿದ್ದಿರುತ್ತಿದ್ದವು, ನಾನು ಒಂದೊಂದರ ಪೈಪು ಬಿಚ್ಚಿ, ಮುಖ ಪಕ್ಕಕ್ಕೆ ತಿರುಗಿಸಿ, ಹಳೇ ಗ್ಯಾಸನ್ನು ಬೀದಿಗೆ ಬಿಡುತ್ತಿದ್ದೆ. ನಮ್ಮ ಧಂದೆಯಲ್ಲಿ ಎಲ್ಲರೂ ಮಾಡುತ್ತಿದ್ದುದು ಅದೇ. ಸೊಂಯ್ ಎಂದು ಸದ್ದು, ಆ ವಾಸನೆ, ಪೈಪಿನ ಬಾಯಿಗೆ ಬೆಳ್ಳಗೆ ಹಿಮ. ಒಳಗೆ ಉಳಿದ ಗ್ಯಾಸಿನ ಮೇಲೆ ಬೆಸುಗೆ ಇಟ್ಟರೆ ಬೆಂಕಿ ಹಸಿರಾಗುತ್ತಿತ್ತು.

"ಮಾಮಾ, ಅದು ಎಲ್ಲಿಗೆ ಹೋಗ್ತದ?" ಲಿಂಗಿ ಕೇಳಿದಳು.

"ಮ್ಯಾಲೆ."

"ಮ್ಯಾಲೆ ಅಂದ್ರ ಎಲ್ಲಿತನ?"

"ಅದು ಎಲ್ಲಿತನ ಹೋಗ್ತದ ಅಲ್ಲಿತನ. ಮುಟ್ಟೀನಿ ಅಂತ ನನಗೇನು ಪತ್ರ ಬರದದೇನು?"

"ಬರೀತದ ತಗೋ, ಒಂದಿನ," ಎಂದಳು. ನಾನು ನಕ್ಕೆ. ಅಂಗಡಿಯ ಮುಂದೆ ಕೂತಿದ್ದ ಗಿರಾಕಿಗಳೂ ನಕ್ಕರು.

ಶಾಲೆ ಶುರುವಾದ ಮೇಲೆ ಆಕೆ ಆ ಪ್ರಶ್ನೆಯನ್ನು ಗಬ್ಬೂರಿನ ಹೈಸ್ಕೂಲಿಗೆ ಒಯ್ದಳು. ಅಲ್ಲಿ ವಿಜ್ಞಾನಕ್ಕೆ ಶಕೀಲಾ ಟೀಚರ್ ಇದ್ದರು. ದಿನಾ ರಾಯಚೂರಿನಿಂದ ಬಸ್ಸಿಗೆ ಬರುತ್ತಿದ್ದ, ಮಾತಿನಲ್ಲಿ ಬಿಗಿಯಾದ ಹೆಣ್ಣುಮಗಳು. ಅವರು ಕಲಿಸಿದ್ದನ್ನು ಲಿಂಗಿ ಒಂದು ಭಾನುವಾರ ನನ್ನ ಅಂಗಡಿಗೆ ಬಂದು ನನಗೇ ಕಲಿಸಲು ನಿಂತಳು. ನೆಲದಿಂದ ಮೇಲೇರಿದಂತೆ ಮೊದಲು ತಂಪಾಗುತ್ತ ಹೋಗುತ್ತದಂತೆ. ದೊಡ್ಡ ವಿಮಾನಗಳು ಹಾರುವ ಎತ್ತರವನ್ನು ದಾಟಿದ ಮೇಲೆ ತಿರುಗಿ ಬಿಸಿಯಾಗುತ್ತ ಹೋಗುತ್ತದಂತೆ. ಆ ಪದರಕ್ಕೆ ಪುಸ್ತಕದಲ್ಲಿ ಸಮೋಷ್ಣ ಮಂಡಲ ಎಂದು ಹೆಸರು. ಅಲ್ಲಿರುವ ಓಝೋನ್ ಸೂರ್ಯನ ಚರ್ಮ ಸುಡುವ ಕಿರಣಗಳನ್ನು ತಡೆದು ನುಂಗುತ್ತದೆ, ನುಂಗಿದ ಬಿಸಿಗೆ ಆ ಪದರ ತಾನೇ ಕಾಯುತ್ತದೆ. ಓಝೋನ್ ಕಡಿಮೆಯಾದರೆ ನುಂಗುವುದು ಕಡಿಮೆ, ಆದ್ದರಿಂದ ಅಲ್ಲಿ ತಂಪು.

ನಾನು ಒಪ್ಪಲಿಲ್ಲ. ಓಝೋನಿಗೆ ತೂತು ಬಿದ್ದರೆ ಎಲ್ಲ ಕಾಯುತ್ತದೆ, ಇದು ಬೀದಿಯಲ್ಲಿ ಯಾರನ್ನು ಕೇಳಿದರೂ ಹೇಳುವ ಮಾತು. ಹುಡುಗಿಗೆ ತಪ್ಪು ಕಲಿಸುತ್ತಿದ್ದಾರೆಂದು ಸಿಟ್ಟಾಗಿ ಶಕೀಲಾ ಟೀಚರ್‌ಗೆ ಫೋನು ಮಾಡಿದೆ.

"ಟೀಚರ್, ಮನಿ ತಗಡಿಗೆ ತೂತು ಬಿದ್ರ ಬಿಸಿಲು ಒಳಗ ಬರ್ತದ. ತಂಪು ಹೆಂಗ ಬರ್ತದ್ರಿ?"

"ಒಳಗ ಬಿಸಿಲು ಬರ್ತದಣ್ಣ, ನಾ ಇಲ್ಲ ಅಂದೆನೇನು? ನೆಲಕ್ಕ ಆ ಕಿರಣ ಬಡಿತಾವ, ಅದು ಬ್ಯಾರೆ. ನಾ ತಗಡಿನ ಮಾತು ಆಡಾಕತ್ತೀನಿ, ನೀವು ಮನಿಯೊಳಗಿನ ಮಾತು ಆಡಾಕತ್ತೀರಿ. ಬಿಸಿಲಿಗೆ ಕಾಯೋದು ಯಾವುದು, ತಗಡೋ ತೂತೋ?"

ಅವರು ಬಿಡಲಿಲ್ಲ, ಉಳಿದದ್ದನ್ನೂ ಹೇಳಿದರು. ದಕ್ಷಿಣ ಧ್ರುವದ ಮೇಲೆ ಚಳಿಗಾಲ ತಿಂಗಳುಗಟ್ಟಲೆ ಸೂರ್ಯನಿಲ್ಲದ ಕಾಲ. ಆಗ ಆ ಪದರ ಎಷ್ಟು ತಣ್ಣಗಾಗುತ್ತದೆಂದರೆ, ಮೋಡವೇ ಇರಬಾರದ ಎತ್ತರದಲ್ಲಿ ಹಿಮದ ತೆಳುಮೋಡ ಕಟ್ಟುತ್ತದೆ. ನನ್ನಂಥವರು ಬಿಟ್ಟ ಹಳೇ ಗ್ಯಾಸಿನ ಕ್ಲೋರಿನ್ ಆ ಮೋಡಗಳ ಮೇಲೆ ಚುರುಕಾಗುತ್ತದೆ. ಬಿಸಿಲು ಮರಳಿದ ಕೂಡಲೇ ಓಝೋನನ್ನು ತಿನ್ನತೊಡಗುತ್ತದೆ. ಓಝೋನ್ ಹೋದರೆ ಪದರ ಇನ್ನೂ ತಂಪು. ಇನ್ನೂ ತಂಪಾದರೆ ಆ ಮೋಡ ಇನ್ನಷ್ಟು ದಿನ ನಿಲ್ಲುತ್ತದೆ, ಓಝೋನ್ ಇನ್ನೂ ಕಡಿಮೆ. ಒಂದು ಇನ್ನೊಂದನ್ನು ಎಳೆಯುತ್ತ ಹೋಗುತ್ತದೆ.

"ನಿಮ್ಮ ಅಂಗಡಿ ಮುಂದಿನ ಸೊಂಯ್ ಅನ್ನೋದು ಅಲ್ಲಿತನ ಹೋಗ್ತದಣ್ಣ," ಎಂದು ಫೋನಿಟ್ಟರು.

ಇಪ್ಪತ್ತು ವರ್ಷ ತಂಪು ಮಾರಿದವನು ನಾನು. ಎಲ್ಲೋ ಆಕಾಶದ ತುದಿಯಲ್ಲಿ, ಯಾರಿಗೂ ಬೇಡದ ತಂಪು ಒಂದನ್ನು ನಾನೇ ಮಾಡುತ್ತಿದ್ದೆ ಎಂದು ಕೇಳಿ ಅವತ್ತು ಮಧ್ಯಾಹ್ನ ಊಟ ಸೇರಲಿಲ್ಲ. ಆದರೆ ಮರುದಿನ ಮತ್ತೆ ಪೈಪು ಬಿಚ್ಚಿ ಗಾಳಿಗೇ ಬಿಟ್ಟೆ. ಸುಳ್ಳು ಹೇಳುವುದಿಲ್ಲ. ಗೊತ್ತಾಗುವುದಕ್ಕೂ ಕೈ ಬದಲಾಗುವುದಕ್ಕೂ ನಡುವೆ ನಮ್ಮಂಥವರಿಗೆ ಬಹಳ ದಿನ ಬೇಕು.

ಡಿಸೆಂಬರಿನಲ್ಲಿ ಮಾನ್ವಿಯ ಒಂದು ಶಾಲೆಯಲ್ಲಿ ಮಕ್ಕಳ ವಿಜ್ಞಾನ ವಸ್ತುಪ್ರದರ್ಶನ ಇಟ್ಟಿದ್ದರು. ಲಿಂಗಿ ಅದಕ್ಕೆ ಮಾದರಿ ಮಾಡುತ್ತೇನೆಂದಳು. ಇಲ್ಲಿ ನನ್ನ ಬುದ್ಧಿವಂತಿಕೆ ಕೆಲಸ ಮಾಡಿತು. ಆಕೆಗೆ ಮುಂದೆ ರಾಯಚೂರಿನಲ್ಲಿ ಪಿಯುಸಿಗೆ ಸೈನ್ಸ್ ತೆಗೆದುಕೊಳ್ಳುವ ಆಸೆ. ಭಾವನಿಗೆ ದೇವದುರ್ಗದಲ್ಲಿ ಆರ್ಟ್ಸ್ ಸಾಕು ಎಂಬ ಹಟ. ಅವನು ಕೆಟ್ಟವನಲ್ಲ, ಸೈನ್ಸ್ ತನ್ನ ಮಗಳ ತಲೆಗೆ ಹತ್ತುತ್ತದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಇಬ್ಬರ ನಡುವೆ ಕೂತು ನಾನು ವ್ಯವಹಾರ ಮುಗಿಸಿದೆ.

"ಭಾವ, ಹಿಂಗ ಮಾಡೋಣು. ಮಾನ್ವಿಯಾಗ ದೊಡ್ಡ ದೊಡ್ಡ ಮಂದಿ ನೋಡಾಕ ಬರ್ತಾರ. ಅವರು ಈಕಿ ಶಾಣ್ಯಾಕಿ ಅಂತ ಒಂದು ಸರ್ಟಿಫಿಕೇಟ್ ಬರದು ಕೊಟ್ರ ರಾಯಚೂರಿಗೆ ಕಳಸು. ಕೊಡಲಿಲ್ಲಂದ್ರ ದೇವದುರ್ಗ."

ಭಾವ ಟವೆಲ್ಲಿನಿಂದ ಕುತ್ತಿಗೆ ಒರೆಸಿಕೊಂಡು, "ಆತು. ಮಾತಂದ್ರ ಮಾತು," ಎಂದ. ಎಂಥ ಒಳ್ಳೆಯ ನಡುವಿನ ದರ ಹುಡುಕಿದೆ ಎಂದು ಬಸ್ಸಿನಲ್ಲಿ ಬರುವಾಗ ನನಗೆ ನಾನೇ ಬೆನ್ನು ತಟ್ಟಿಕೊಂಡೆ. ಆ ಹುಡುಗಿಯ ಓದನ್ನು ಗುರುತಿಲ್ಲದವರ ಒಂದು ಸಹಿಗೆ ಕಟ್ಟಿಬಂದಿದ್ದೇನೆ ಎಂದು ಹೊಳೆಯಲಿಲ್ಲ.

ಮಾದರಿಯ ಯೋಚನೆ ಆಕೆಯದ್ದೇ. ಅಪ್ಪನ ನರ್ಸರಿಯಲ್ಲಿ ಹುಟ್ಟಿದ್ದು. ಥರ್ಮಾಕೋಲಿನ ದೊಡ್ಡ ಪೆಟ್ಟಿಗೆ, ಒಳಗೆ ನಡುವಿಗೆ ಹಳೇ ಫ್ರಿಜ್ಜಿನ ತಂತಿಯ ತಟ್ಟೆ, ಅದರ ಮೇಲೆ ಓಝೋನಿನ ಬದಲು ಅರ್ಧಕ್ಕೆ ಮಾತ್ರ ಹಾಸಿದ ಕರಿ ನೆಟ್ಟು. ಉಳಿದ ಅರ್ಧ ಬರಿದು. ಮೇಲೆ ಸೂರ್ಯನ ಬದಲು ಇನ್ನೂರು ವ್ಯಾಟಿನ ಬಲ್ಬು. ನೆಟ್ಟಿನ ಎತ್ತರದಲ್ಲಿ ಎರಡು ಥರ್ಮಾಮೀಟರ್: ಒಂದು ನೆಟ್ಟಿಗೆ ತಾಗಿ, ಇನ್ನೊಂದು ನೆಟ್ಟಿಲ್ಲದ ಕಡೆ. ನೆಟ್ಟಿಲ್ಲದ ಕಡೆಯದಕ್ಕೆ ಬಲ್ಬಿನ ಬೆಳಕು ನೇರ ಬಡಿಯದಂತೆ ಸಿಗರೇಟ್ ಪಾಕೀಟಿನ ಬೆಳ್ಳಿ ಕಾಗದದ ಒಂದು ಪುಟ್ಟ ಟೋಪಿ. ಕೆಳಗೆ ನೆಲದಲ್ಲಿ ಇನ್ನೆರಡು. ಬಲ್ಬು ಹಚ್ಚಿ ಸ್ವಲ್ಪ ಹೊತ್ತು ಬಿಟ್ಟರೆ ಸಾಕು, ನೆಟ್ಟಿಗೆ ತಾಗಿದ್ದು ಏರುತ್ತಿತ್ತು, ಅದೇ ಎತ್ತರದಲ್ಲಿ ನೆಟ್ಟಿಲ್ಲದ ಕಡೆಯದು ಕೆಳಗೇ ಉಳಿಯುತ್ತಿತ್ತು. ನೆಲದಲ್ಲಿ ಮಾತ್ರ ಉಲ್ಟಾ. ಹಿಂದೆ ಚಾರ್ಟಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದಿದ್ದಳು: "ಓಝೋನ್ ಕಡಿಮೆಯಾದ ಕಡೆ ಆ ಪದರ ತಂಪಾಗುತ್ತದೆ. ತಂಪಾದಷ್ಟೂ ಓಝೋನ್ ಮತ್ತೆ ಕಡಿಮೆಯಾಗುತ್ತದೆ."

ಆ ದಿನ ಬೆಳಿಗ್ಗೆ ಗಬ್ಬೂರಿಗೆ ಹೋಗಿ, ಪೆಟ್ಟಿಗೆಯನ್ನು ನನ್ನ ಗೂಡ್ಸ್ ಆಟೊದಲ್ಲಿ ಹತ್ತಿ ಗಂಟಿನ ಹಾಗೆ ಕಟ್ಟಿಕೊಂಡು, ಕಲ್ಮಲಾ ಹಾದು ಮಾನ್ವಿಗೆ ಹೋದೆವು. ಲಿಂಗಿ ಹಿಂದೆ ಪೆಟ್ಟಿಗೆ ಹಿಡಿದುಕೊಂಡು ಕೂತಿದ್ದಳು, ಶಕೀಲಾ ಟೀಚರ್ ಪಕ್ಕದಲ್ಲಿ. ಭತ್ತ ಕಟಾವಿನ ಕಾಲ, ಮಿಲ್ಲುಗಳಲ್ಲಿ ಭತ್ತ ಕುದಿಸುವ ವಾಸನೆ ಊರಿನ ಹೊರಗೇ ಸಿಕ್ಕಿತು. ಚಳಿ ಇನ್ನೂ ಹೋಗಿರಲಿಲ್ಲ. ಹುಡುಗಿ ಕೈ ಉಜ್ಜಿಕೊಳ್ಳುತ್ತ ಥರ್ಮಾಮೀಟರ್ ಒಂದೊಂದನ್ನೇ ನೋಡುತ್ತಿದ್ದಳು, ಸಸಿಯ ಟ್ರೇ ನೋಡುವ ಅವಳಪ್ಪನ ಹಾಗೆ.

ತೀರ್ಪುಗಾರರು ಮೂವರು. ಮಾತೆಲ್ಲ ಒಬ್ಬರದೇ, ಮೊದಲೇ ಹೇಳಿದ, ಅಂಗಳದಲ್ಲಿ ಕುರ್ಚಿ ಹಾಕಿಕೊಂಡಿದ್ದ ಉಪನ್ಯಾಸಕರದು. ಪೆಟ್ಟಿಗೆಯೊಳಗೆ ಬಗ್ಗಿ ನೋಡಿದರು, ಚಾರ್ಟು ಓದಿದರು.

"ಇದೇನಮ್ಮ, ತಂಪಾಗ್ತದ ಅಂತ ಬರದೀಯಲ್ಲ? ಓಝೋನ್ ತೂತಾದ್ರ ಬಿಸಿ ಆಗ್ತದ. ಸಣ್ಣ ಹುಡುಗರಿಗೂ ಗೊತ್ತದ."

"ನೆಲಕ್ಕ ಕಿರಣ ಜಾಸ್ತಿ ಬರ್ತಾವ್ರಿ ಸರ್. ಓಝೋನ್ ಇರೋ ಪದರ ತಂಪಾಗ್ತದ್ರಿ. ನೋಡ್ರಿ, ಇಲ್ಲಿ ತೋರಸಾಕತ್ತದ."

ಅವರು ಥರ್ಮಾಮೀಟರಿಗೆ ಬೆರಳಿನಿಂದ ಟಕ್ ಎಂದು ಹೊಡೆದರು. "ಇದು ಕೆಟ್ಟದ."

"ಎರಡೂ ಅದಲುಬದಲು ಮಾಡಿ ಇಡ್ಲೇನ್ರಿ ಸರ್? ಐದು ನಿಮಿಷ ನಿಂದರ್ರಿ. ಕೆಟ್ಟಿದ್ರ ಆ ಕಡಿನೂ ಹಂಗ ತೋರಿಸ್ತದ."

ಇದಕ್ಕಿಂತ ನ್ಯಾಯವಾದ ಮಾತನ್ನು ನನ್ನ ಜನ್ಮದಲ್ಲಿ ಕೇಳಿಲ್ಲ. ಹಳೇ ಕಂಪ್ರೆಸರ್ ಕೊಳ್ಳುವಾಗ ನಾನೂ ಅದನ್ನೇ ಕೇಳುತ್ತೇನೆ, ಹಚ್ಚಿ ತೋರಿಸು ಎಂದು. ಆ ಸರ್ ಐದು ನಿಮಿಷ ನಿಲ್ಲಲಿಲ್ಲ. "ತೀರ್ಪುಗಾರರ ಜೋಡಿ ವಾದ ಮಾಡಬಾರದಮ್ಮ," ಎಂದು ಪಕ್ಕದ ಟೇಬಲ್ಲಿಗೆ ಹೋದರು. ಅಲ್ಲಿ ಮಣ್ಣಿನ ಜ್ವಾಲಾಮುಖಿಯ ಬಾಯಿಗೆ ಸೋಡಾ ಹಾಕಿ ನೊರೆ ಉಕ್ಕಿಸುತ್ತಿದ್ದರು. ಅದನ್ನು ಎರಡು ಸಲ ಉಕ್ಕಿಸಿ ನೋಡಿದರು.

ಟೀಚರ್ ಲಿಂಗಿಯನ್ನು ಮಂಡಕ್ಕಿ ವಗ್ಗರಣಿ, ಮಿರ್ಚಿ ಬಜ್ಜಿ ತಿನ್ನಿಸಲು ಗೇಟಿನ ಹೊರಗೆ ಕರೆದುಕೊಂಡು ಹೋದರು. ನಾನು ಹೋಗಲಿಲ್ಲ. ನನ್ನ ಕಣ್ಣ ಮುಂದೆ ಇದ್ದದ್ದು ಭಾವನ ಮುಖ, ಮಾತಂದ್ರ ಮಾತು. ಸರ್ಟಿಫಿಕೇಟ್ ಇಲ್ಲದೆ ಗಬ್ಬೂರಿಗೆ ಹೋಗುವಂತಿಲ್ಲ. ನೆಟ್ಟಗೆ ಆಫೀಸು ಕೋಣೆಗೆ ಹೋಗಿ ತೀರ್ಪುಗಾರರ ಮುಂದೆ ಕೂತೆ. ಎರಡನೇ ಬಹುಮಾನದಿಂದ ಶುರು ಮಾಡಿದೆ. ಮೂರನೆಯದಕ್ಕೆ ಇಳಿದೆ. ಹಳ್ಳಿಯ ಹುಡುಗಿ, ಸರಕಾರಿ ಶಾಲೆ, ಇಷ್ಟು ದೂರದಿಂದ ಬಂದಾಳ್ರಿ ಎಂದೆ. ಚಹಾ ತರಿಸಿದೆ. ಕೊನೆಗೆ ಆ ಸರ್ ಹೇಳಿದರು:

"ಮಾಡೆಲ್ ನೀಟಾಗಿ ಅದ, ಇಲ್ಲನ್ನಾಂಗಿಲ್ಲ. ಚಾರ್ಟಿನಾಗ ಆ ಒಂದು ಶಬ್ದ ಸರಿ ಮಾಡ್ರಿ. ಸಮಾಧಾನಕರ ಬಹುಮಾನ ಕೊಡೋಣು. ಸರ್ಟಿಫಿಕೇಟೂ ಬರ್ತದ."

ಕೈ ಕುಲುಕಿದೆ. ಗೆದ್ದೆ ಎಂದುಕೊಂಡೆ. ಅಲ್ಲೇ ಒಂದು ಬಿಳಿ ಕಾಗದ ಇಸಿದುಕೊಂಡು, ಸ್ಕೆಚ್ ಪೆನ್ನಿನಿಂದ "ಬಿಸಿಯಾಗುತ್ತದೆ" ಎಂದು ಬರೆದು, ಅಳತೆಗೆ ಕತ್ತರಿಸಿ, "ತಂಪಾಗುತ್ತದೆ" ಎಂಬುದರ ಮೇಲೆ ಗೋಂದಿನಿಂದ ಅಂಟಿಸಿದೆ. ನೀಟಾಗಿ ಕೂತಿತು. ಅಕ್ಷರದ ದಪ್ಪವೂ ಹೊಂದಿತು. ಆ ಎರಡು ನಿಮಿಷ ನನಗೆ ಒಂದು ಚೂರೂ ಅಳುಕಾಗಲಿಲ್ಲ. ಅದನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೆ ಸಿಟ್ಟು ಬರುತ್ತದೆ.

ಲಿಂಗಿ ಬಂದು ನೋಡಿದಳು. ಅಳಲಿಲ್ಲ. ಚಾರ್ಟನ್ನು ಒಮ್ಮೆ, ಥರ್ಮಾಮೀಟರನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದಳು.

"ಯಾರು ಅಂಟಿಸಿದ್ರು?"

"ನಾನ. ಒಂದು ಶಬ್ದ ಅಲ್ಲೇನು ಲಿಂಗಿ. ಸರ್ಟಿಫಿಕೇಟ್ ಕೊಡ್ತಾರ. ನಿಮ್ಮಪ್ಪ ರಾಯಚೂರಿಗೆ ಕಳಸ್ತಾನ. ಅಲ್ಲಿ ಹೋಗಿ ಖರೇದು ಓದು, ಯಾರು ಬ್ಯಾಡಂತಾರ?"

"ಮಾಮಾ, ನೀನು ಫ್ರಿಜ್ ರಿಪೇರಿ ಮಾಡ್ತಿ. ಕೆಟ್ಟ ಫ್ರಿಜ್ ನೋಡಿ ಗಿರಾಕಿ, ಇಲ್ಲೋ ಮಾರಾಯಾ, ಇದು ತಂಪಾಗ್ಯದ ಅಂದ್ರ ತಂಪಾಗಿಬಿಡತದೇನು?"

ಶಕೀಲಾ ಟೀಚರ್ ನನ್ನ ಕಡೆ ತಿರುಗಿದರು. "ಅಣ್ಣ, ಇಡೀ ವರ್ಷ ಈ ಹುಡುಗಿಗೆ ಒಂದೇ ಕಲಿಸೀನಿ. ಅಳತಿ ಮಾಡಿದ್ದು ಬರಿ, ಬರದದ್ದಕ್ಕ ನಿಂದ್ರು ಅಂತ. ನೀವು ವಗ್ಗರಣಿ ತಿನ್ನೋದ್ರಾಗ ಮುಚ್ಚಿಬಿಟ್ರಿ."

ಲಿಂಗಿ ಉಗುರಿನಿಂದ ಚೀಟಿಯ ಅಂಚು ಎಬ್ಬಿಸಿ ಕಿತ್ತಳು. ಗೋಂದು ಹಸಿಯಾಗಿತ್ತು, ಕೆಳಗಿನ ಅಕ್ಷರಗಳೂ ಅರ್ಧ ಅದರ ಜೊತೆ ಬಂದವು. ಪೆನ್ನು ತೆಗೆದು ಹರಿದ ಜಾಗದಲ್ಲಿ ಮತ್ತೆ "ತಂಪಾಗುತ್ತದೆ" ಎಂದು ಬರೆದಳು, ಮೊದಲಿಗಿಂತ ದಪ್ಪಗೆ. ಆ ಸರ್ ಫೋಟೊ ತೆಗೆಸಿಕೊಳ್ಳಲು ಸಾಲಾಗಿ ಬರುವಾಗ ಅದನ್ನು ನೋಡಿದರು. ಸಂಜೆ ಹೆಸರು ಕೂಗಿದಾಗ ಆಕೆಯ ಹೆಸರಿರಲಿಲ್ಲ.

ಮರುದಿನ ಮಧ್ಯಾಹ್ನ ಗಬ್ಬೂರಿಗೆ ಹೋದೆ. ಭಾವ ನರ್ಸರಿಯಲ್ಲಿ ಏಣಿಯ ಮೇಲೆ ನಿಂತು ನೆಟ್ಟಿನ ದಾರ ಬಿಗಿಯುತ್ತಿದ್ದ, ಕೈಗೆ ಟವೆಲ್ ಸುತ್ತಿಕೊಂಡು. ಲಿಂಗಿ ಕೆಳಗೆ ನಿಂತಿದ್ದಳು.

"ಕಾಗದ ತಂದಿಯೇನು?" ಭಾವ ನನ್ನನ್ನು ಕೇಳಿದ.

"ಇಲ್ಲ. ಆದ್ರ ಆಕಿದು ತಪ್ಪಿಲ್ಲ ಭಾವ, ತಪ್ಪೆಲ್ಲ..."

"ಷರತ್ತು ಹಾಕಿದಾಂವ ನೀನ."

ಲಿಂಗಿ ನಡುವೆ ಬಂದಳು. "ಯಪ್ಪಾ, ಕೈಗೆ ಟವೆಲ್ ಯಾಕ ಸುತ್ತೀದಿ?"

"ನೆಟ್ ಸುಡತದವಾ."

"ಆ ಮೂಲ್ಯಾಗ ನೆಟ್ ಹರದದಲ್ಲ, ಆ ಗಾಳ್ಯಾಗ ಕೈ ಹಿಡಿ. ಸುಡತದೇನು?"

ಭಾವ ಹರಿದ ಜಾಗದಲ್ಲಿ ಬರಿಗೈ ಚಾಚಿದ. ಮತ್ತೆ ನೆಟ್ಟಿನ ಮೇಲಿಟ್ಟ, ಥಟ್ಟನೆ ತೆಗೆದ. "ಇಲ್ಲಿ ಸುಡಂಗಿಲ್ಲ. ಬಿಸಿಲು ಕೆಳಗ ಸಸಿ ಮ್ಯಾಲೆ ಬೀಳಾಕತ್ತದ, ಸಸಿ ಬಾಡ್ಯಾವ."

"ನಾ ಬರದದ್ದು ಇಷ್ಟ, ಯಪ್ಪಾ. ಅವರು ತಪ್ಪಂದ್ರು."

"ಇದರಾಗ ತಪ್ಪೇನದ? ನರ್ಸರಿ ಮಾಡೋ ಯಾವನಿಗೂ ಗೊತ್ತದ." ಭಾವ ಏಣಿಯಿಂದ ಇಳಿದ. ಇಳಿದು ಹೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ: "ಆದ್ರ ನನಗ ಗೊತ್ತಾದ್ರ ಏನಾತವಾ? ನಾ ಏನು ದೊಡ್ಡ ಮನಷ್ಯಾನ?"

"ಸುಟ್ಟದ್ದು ನಿನ್ನ ಕೈ, ಯಪ್ಪಾ. ಅವರದಲ್ಲ."

ಭಾವ ಹರಿದ ಮೂಲೆಗೆ ತೇಪೆ ಹಾಕಲು ಸೂಜಿ ಹುಡುಕಿದ. ಹಳೇ ಅಭ್ಯಾಸದಂತೆ ನಾನು ಇನ್ನೊಂದು ದರ ಹೇಳಲು ಬಾಯಿ ತೆರೆದೆ; ಅಕ್ಕ ಕಣ್ಣಿನಲ್ಲೇ ಬಾಯಿ ಮುಚ್ಚಿಸಿದಳು. ಜೂನ್ ತಿಂಗಳಲ್ಲಿ, ನನಗೆ ಹೇಳದೆ, ಭಾವನೇ ಮಗಳ ಟ್ರಂಕು ಹೊತ್ತು ರಾಯಚೂರಿನ ಬಸ್ ಸ್ಟ್ಯಾಂಡಿನಲ್ಲಿ ಇಳಿದ. ಸೈನ್ಸಿಗೆ ಹಚ್ಚಿದ. ಕಾಲೇಜಿನಿಂದ ನಮ್ಮ ಮನೆ ಅರ್ಧ ಮೈಲಿಯಷ್ಟೇ. ಲಿಂಗಿ ಹಾಸ್ಟೆಲ್ಲು ಸೇರಿದಳು.

ಆಕೆ ಮಾತು ಬಿಡಲಿಲ್ಲ. ಹಬ್ಬಕ್ಕೆ ಬರುತ್ತಾಳೆ, ಉಣ್ಣುತ್ತಾಳೆ, ನಗುತ್ತಾಳೆ. ಈಗ ಎಂ.ಎಸ್ಸಿ. ಓದುತ್ತಿದ್ದಾಳೆ. ಆದರೆ ಅಂಗಡಿಗೆ ಬಂದು "ಮಾಮಾ, ಅದು ಎಲ್ಲಿಗೆ ಹೋಗ್ತದ" ಎಂದು ಕೇಳುತ್ತಿದ್ದ ಹುಡುಗಿ ನನ್ನನ್ನು ಮತ್ತೆ ಏನೂ ಕೇಳಲಿಲ್ಲ. ಆಕೆ ಹಾಸ್ಟೆಲ್ಲು ಸೇರಿದ ವರ್ಷದ ಕೊನೆಗೆ ಹಳೇ ಗ್ಯಾಸನ್ನು ಎಳೆದು ಸಿಲಿಂಡರಿನಲ್ಲಿ ಹಿಡಿಯುವ ಮಷಿನ್ ಕೊಂಡೆ. ಕೊಳ್ಳುವಾಗ ಚೌಕಾಸಿ ಮಾಡಲಿಲ್ಲ, ಮನಸ್ಸಿರಲಿಲ್ಲ. ಹಿಡಿದ ಗ್ಯಾಸಿನ ಲೆಕ್ಕವನ್ನು ಒಂದು ವಹಿಯಲ್ಲಿ ಬರೆದಿಡುತ್ತೇನೆ. ಬೀದಿಯ ಮೆಕ್ಯಾನಿಕ್ಕುಗಳು ಇಂದಿಗೂ ನಗುತ್ತಾರೆ. ನಿಮಗೊಂದು ಮಾತು: ಹಳೇ ಎಸಿ ಬಿಚ್ಚಿಸುವಾಗ ಗ್ಯಾಸು ಎಲ್ಲಿ ಹಿಡಿಯುತ್ತೀ ಎಂದು ಮೆಕ್ಯಾನಿಕ್ಕನನ್ನು ಮೊದಲೇ ಕೇಳಿ. ಅವನು ಆಕಾಶ ತೋರಿಸಿದರೆ ಅಲ್ಲಿಂದಲೇ ವಾಪಸ್ ಕಳಿಸಿ. ಮಕ್ಕಳು ಅಳೆದು ತೋರಿಸಿದ್ದನ್ನು ತಪ್ಪು ಎನ್ನುವ ಮುಂಚೆ ಐದು ನಿಮಿಷ ನಿಲ್ಲಿ. ಐದು ನಿಮಿಷ ನಿಲ್ಲಲಾಗದವರು ತೀರ್ಪಿನ ಕುರ್ಚಿಗೆ ಯಾಕೆ ಬರಬೇಕು.

ಮಾನ್ವಿಯ ಆ ಮಾಳಿಗೆಗೆ ಮರಳುತ್ತೇನೆ. ಮಷಿನ್ ಹಚ್ಚಿ ಗ್ಯಾಸು ಎಳೆಯಲು ಶುರು ಮಾಡಿದ್ದೆ. ತಡವಾಗುತ್ತದೆಂದು ಸರ್ ತಲೆಯ ಮೇಲೆ ಒದ್ದೆ ಟವೆಲ್ ಹಾಕಿಕೊಂಡು ಮೇಲೆ ಬಂದರು.

"ಇಷ್ಟೊತ್ತು ಯಾಕೋ? ಬಿಟ್ಟಿದ್ರ ಎರಡು ನಿಮಿಷದ ಕೆಲಸ. ಯಾರು ನೋಡಾಕ ಬರ್ತಾರ?"

"ಸರ್, ಗಬ್ಬೂರಿನ ಒಂದು ಹುಡುಗಿ ನೆನಪದಾಳೇನ್ರಿ? ಕರಿ ನೆಟ್, ನಾಲ್ಕು ಥರ್ಮಾಮೀಟರ್."

ನನ್ನ ಮುಖವನ್ನು ಮೊದಲ ಸಲ ಸರಿಯಾಗಿ ನೋಡಿದರು. "ಓ. ನೀನು ಆಕಿ ಮಾಮ. ವಾದ ಭಾಳ ಮಾಡ್ತಿದ್ಲು."

"ಆಕಿ ಬರದದ್ದು ಸರಿ ಇತ್ರಿ ಸರ್."

"ಗೊತ್ತದ ತಗೋ," ಎಂದರು, ಹಾಲಿನವನ ಲೆಕ್ಕ ಒಪ್ಪಿಕೊಂಡಷ್ಟೇ ಹಗುರಾಗಿ. "ಮರುದಿನ ಮನಿಯಾಗ ಪುಸ್ತಕ ತಗದು ನೋಡಿದೆ. ಆಕಿದು ಸರಿ ಇತ್ತು."

ನನ್ನ ಕೈಯಲ್ಲಿದ್ದ ಪಾನಾ ಬಿಸಿಯಾಗಿತ್ತು, ಅದನ್ನು ಕೆಳಗಿಟ್ಟೆ. ಮರುದಿನ. ಭಾವ ಬರಿಗೈಯನ್ನು ನೆಟ್ಟಿನ ಮೇಲಿಟ್ಟು ನೋಡಿದ ಅದೇ ದಿನ. ಗಬ್ಬೂರಿನ ಶಾಲೆಗೆ ಒಂದು ಸಾಲು ಬರೆಯಬಹುದಿತ್ತು, ಒಂದು ಫೋನು ಮಾಡಬಹುದಿತ್ತು. ಆರು ವರ್ಷ ಇವರು ಅದನ್ನು ಒಳಗೇ ಇಟ್ಟುಕೊಂಡು ತಂಪಾಗಿ ಮಲಗಿದ್ದರು.

"ಮತ್ತ ಯಾಕ ಹೇಳಲಿಲ್ರಿ?"

"ಬಹುಮಾನ ಕೊಟ್ಟು ಮುಗದಿತ್ತಲ್ಲ. ಮತ್ತ ನೀನ ಚೀಟಿ ಅಂಟಿಸಿ ಒಪ್ಪಿಕೊಂಡಿದ್ದಿ. ಮನಿಯವರ ಒಪ್ಪಿದ ಮ್ಯಾಲೆ ನಾನೇನು ಹೇಳಲಿ?"

ಅವರ ಆ ಮಾತು ಸುಳ್ಳಲ್ಲ, ಅದಕ್ಕೇ ನನ್ನ ಸಿಟ್ಟು ಇಮ್ಮಡಿಯಾಯಿತು. "ಈಗ ಬರದು ಕೊಡ್ರಿ," ಎಂದೆ. "ಆಕಿ ಬರದದ್ದು ಸರಿ, ನಾನು ಹೇಳಿದ್ದು ತಪ್ಪು ಅಂತ. ಈ ಕೆಲಸದ ಕೂಲಿ ಒಂದು ಪೈಸಾ ಬ್ಯಾಡ. ಆ ಕಾಗದ ಕೊಡ್ರಿ."

ಸರ್ ಟವೆಲ್ ಸರಿಮಾಡಿಕೊಂಡರು. ಸ್ವಲ್ಪ ಯೋಚಿಸಿದರು.

"ಹಿಂಗ ಮಾಡೋಣು. ಹುಡುಗಿ ವಾದದಾಗೂ ಸ್ವಲ್ಪ ಸತ್ಯ ಇತ್ತು ಅಂತ ಬರಿತೀನಿ. ನಿನಗೂ ಸಮಾಧಾನ, ನನಗೂ ಸಮಾಧಾನ."

ನಾನು ಸುಮ್ಮನಾದೆ. ಒಂದು ಚಹಾ ಕುಡಿಯುವಷ್ಟು ಹೊತ್ತು. ಮಷಿನ್ ಗುರ್ ಎನ್ನುತ್ತಿತ್ತು. ನನ್ನ ಮೌನಕ್ಕೆ ಅವರು ಇನ್ನೂ ಒಂದು ಮೆಟ್ಟಿಲು ಏರುತ್ತಾರೆ ಎಂದು ನನ್ನ ಹಳೇ ಬುದ್ಧಿ ಹೇಳಿತು, ಏರಿಯೇ ಏರಿದರು: "ಬಹುಪಾಲು ಸತ್ಯ ಇತ್ತು ಅಂತ ಬರಿಲೇನು?"

"ಬ್ಯಾಡ್ರಿ," ಎಂದೆ.

ಕೆಲಸ ಮುಗಿಸಿದೆ. ಸೋರುತ್ತಿದ್ದ ಜಾಗ ಬೆಸೆದೆ, ಹೊಸ ಗ್ಯಾಸು ತುಂಬಿದೆ, ಎಸಿ ಹಚ್ಚಿ ತೋರಿಸಿದೆ. ಕೂಲಿಯಲ್ಲಿ ಕಡಿಮೆ ಮಾಡು ಎಂದರು. ಮಾಡಲಿಲ್ಲ. ಸಿಲಿಂಡರನ್ನು ಆಟೊದಲ್ಲಿ ಕಟ್ಟಿ, ಮಿಲ್ಲಿನ ಗೋಡೆಯ ನೆರಳಿಗೆ ನಿಂತು ಲಿಂಗಿಗೆ ಫೋನು ಮಾಡಿದೆ. ನಡೆದದ್ದನ್ನೆಲ್ಲ ಹೇಳಿದೆ, ಮರುದಿನವೇ ಪುಸ್ತಕ ನೋಡಿದ್ದನ್ನೂ, ಸ್ವಲ್ಪ ಸತ್ಯ, ಬಹುಪಾಲು ಸತ್ಯವನ್ನೂ.

"ಕಾಗದ ತಗೊಂಡಿಯೇನು ಮಾಮಾ?"

"ಇಲ್ಲ."

ಆಮೇಲೆ, ಆರು ವರ್ಷದಲ್ಲಿ ಮೊದಲ ಸಲ, ನನ್ನ ಕೆಲಸದ ಬಗ್ಗೆ ಒಂದು ಪ್ರಶ್ನೆ ಕೇಳಿದಳು.

"ಮತ್ತ ಆ ಗ್ಯಾಸ್ ಎಲ್ಲಿಗೆ ಹೋತು?"

"ಎಲ್ಲಿಗೂ ಹೋಗಿಲ್ಲ. ಸಿಲಿಂಡರಿನಾಗ ಅದ."

"ಪೂರ್ತಿ?"

ನಾನು ಹೌದು ಅನ್ನಲು ಹೋಗಿ ನಿಂತೆ. ಪೈಪು ಸಡಿಲಿಸಿದಾಗ ಜಾರಿದ ಆ ಒಂದು ಉಸಿರಿನ ವಾಸನೆ ಇನ್ನೂ ಗಂಟಲಿನಲ್ಲಿತ್ತು.

"ಇಲ್ಲ," ಎಂದೆ. "ಶುರುವಿನಾಗ ಒಂದೀಟು ಜಾರಿತು. ಉಳದದ್ದು ಹಿಡದೀನಿ."

"ಆತು," ಎಂದಳು ಲಿಂಗಿ. "ಹಂಗ ಬರಕೋ."